ಹೊಟ್ಟೆಯಲ್ಲಿ ಉಳಿದ ಬಟ್ಟೆ: ಎರಡು ವರ್ಷ ಕಳೆದ ಮೇಲೂ ದೂರು ಕೊಡಬಹುದೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ಎರಡೂವರೆ ವರ್ಷದ ಹಿಂದೆ ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರಲ್ಲಿ ಅಮ್ಮನ ಗರ್ಭಕೋಶ ತೆಗೆಸಿದೆವು. ಆಮೇಲೆ ಹೊಟ್ಟೆನೋವು ಬಿಡಲೇ ಇಲ್ಲ. ಅಲ್ಲಿಗೇ ಮತ್ತೆ ಮತ್ತೆ ಹೋದಾಗ ಗ್ಯಾಸ್ಟ್ರಿಕ್ ಎಂದು ಮಾತ್ರೆ ಬರೆದುಕೊಟ್ಟರು. ಕಳೆದ ತಿಂಗಳು ಮಣಿಪಾಲದಲ್ಲಿ ಇನ್ನೊಂದು ಆಪರೇಷನ್ ಮಾಡಿ ಒಳಗಿದ್ದ ಗಾಜ್ ಬಟ್ಟೆ ತೆಗೆದರು. ಶಿವಮೊಗ್ಗದವರನ್ನು ಕೇಳಿದರೆ, ‘ನೀವು ಸಹಿ ಹಾಕಿದ್ದೀರಿ, ಆಪರೇಷನ್ ಮಾಡಿದವರು ಹೊರಗಿನ ಡಾಕ್ಟರು, ಎರಡು ವರ್ಷವೂ ಮುಗಿದಿದೆ’ ಎನ್ನುತ್ತಾರೆ. ನಮಗೇನಾದರೂ ದಾರಿ ಇದೆಯೇ?

ಉತ್ತರ: ದಾರಿ ಇದೆ. ಅವರ ಮೊದಲೆರಡು ಮಾತುಗಳಲ್ಲಿ ಹುರುಳಿಲ್ಲ. ಮೂರನೆಯದನ್ನು ಮಾತ್ರ ಹಗುರವಾಗಿ ಕಾಣುವಂತಿಲ್ಲ.

ಒಪ್ಪಿಗೆ ಪತ್ರಕ್ಕೆ ಹಾಕಿದ ಸಹಿ ಶಸ್ತ್ರಚಿಕಿತ್ಸೆಗೆ ಮತ್ತು ಅದರ ಸಹಜ ಅಪಾಯಗಳಿಗೆ ಕೊಟ್ಟ ಸಮ್ಮತಿಯೇ ಹೊರತು ನಿರ್ಲಕ್ಷ್ಯಕ್ಕೆ ಕೊಟ್ಟ ಮಾಫಿಯಲ್ಲ. ಹೊರಗಿನ ವೈದ್ಯರನ್ನು ಕರೆಸಿದ್ದು, ಬಿಲ್ ಮಾಡಿದ್ದು ಆಸ್ಪತ್ರೆಯಾದ್ದರಿಂದ ಅದೂ ಉತ್ತರ ಕೊಡಬೇಕಾಗುತ್ತದೆ. ಗ್ರಾಹಕ ಆಯೋಗಕ್ಕೆ ಕೊಡುವ ದೂರಿನಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಿ. ಹೊಟ್ಟೆ ಹೊಲಿಯುವ ಮುನ್ನ ಗಾಜ್ ಬಟ್ಟೆಗಳನ್ನು ಎಣಿಸಿ ಬರೆದಿಡುವುದು ಶಸ್ತ್ರಚಿಕಿತ್ಸಾ ಕೊಠಡಿಯ ಕ್ರಮವಾಗಿರುವಾಗ ಒಂದು ಬಟ್ಟೆ ಒಳಗುಳಿಯಿತೆಂದರೆ, ಅದು ಹೇಗೆ ಉಳಿಯಿತೆಂದು ವಿವರಿಸುವ ಹೊಣೆ ಬಹುಮಟ್ಟಿಗೆ ಅವರ ಮೇಲೆಯೇ ಬೀಳುತ್ತದೆ.

ಇನ್ನು ಕಾಲಮಿತಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 69ನೇ ಕಲಮಿನಂತೆ, ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಒಳಗೆ ದೂರು ಸಲ್ಲಿಸಬೇಕು. ರೋಗಿಗೆ ತಿಳಿಯುವ ಅವಕಾಶವೇ ಇಲ್ಲದ ದೋಷವಾಗಿದ್ದರೆ, ಅದು ಪತ್ತೆಯಾದ ದಿನದಿಂದ ಈ ಅವಧಿಯನ್ನು ಎಣಿಸಬಹುದೆಂಬ ತತ್ತ್ವವನ್ನು ನ್ಯಾಯಾಲಯಗಳು ಒಪ್ಪಿವೆ. ಆದರೆ ಎಚ್ಚರ: ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಗಿ ಸುಮಾರು ಒಂಬತ್ತು ವರ್ಷಗಳ ಮೇಲೆ ಗಾಜ್ ಬಟ್ಟೆ ಸಿಕ್ಕಿದ ಗೋವಾದ ಮಹಿಳೆಯೊಬ್ಬರ ದೂರನ್ನು ಸುಪ್ರೀಂ ಕೋರ್ಟ್ 2010ರಲ್ಲಿ ಕಾಲಮಿತಿ ಮೀರಿದ್ದೆಂದು ತಳ್ಳಿಹಾಕಿತು. ಸ್ವತಃ ನರ್ಸ್ ಆಗಿದ್ದು, ಮೊದಲಿನಿಂದ ನೋವಿದ್ದರೂ ಆಪರೇಷನ್ ಮಾಡಿದ ವೈದ್ಯರ ಬಳಿಗೆ ಅವರು ಮರಳಿ ಹೋಗಿರಲಿಲ್ಲ ಎಂಬುದು ಅಲ್ಲಿ ನಿರ್ಣಾಯಕವಾಯಿತು. ನಿಮ್ಮ ತಾಯಿಯವರು ಹೋಗಿದ್ದಾರೆ. ಆದ್ದರಿಂದ ಗ್ಯಾಸ್ಟ್ರಿಕ್ ಮಾತ್ರೆ ಬರೆದ ಆ ಒಪಿಡಿ ಚೀಟಿಗಳು, ಮನೆಯ ಯಾವ ಡಬ್ಬಿಯಲ್ಲಿದ್ದರೂ ಹುಡುಕಿ ತೆಗೆಯಿರಿ. ಈ ಪ್ರಕರಣದಲ್ಲಿ ಸ್ಕ್ಯಾನ್ ವರದಿಯಷ್ಟೇ ಬೆಲೆ ಅವಕ್ಕಿದೆ. ಪತ್ತೆಯಾದ ದಿನದಿಂದ ಎರಡು ವರ್ಷ ಸಮಯವಿದೆ ಎಂದು ಸುಮ್ಮನೆ ಕೂರಬೇಡಿ. ದೂರಿನೊಂದಿಗೆ ವಿಳಂಬ ಮನ್ನಾ ಅರ್ಜಿಯನ್ನೂ ಇಟ್ಟುಬಿಡುವುದು ಜಾಣತನ.

ಇನ್ನೊಂದು ಅವಸರದ ಕೆಲಸವಿದೆ. ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಕಾಪಾಡಬೇಕು, ಕೇಳಿದರೆ 72 ಗಂಟೆಗಳಲ್ಲಿ ಕೊಡಬೇಕು ಎಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ಹೇಳುತ್ತದೆ. ನಿಮ್ಮ ಪಾಲಿಗೆ ಉಳಿದಿರುವುದು ಆರೇ ತಿಂಗಳು. ಶಸ್ತ್ರಚಿಕಿತ್ಸೆಯ ಟಿಪ್ಪಣಿ ಮತ್ತು ಬಟ್ಟೆ ಎಣಿಕೆಯ ಹಾಳೆಯನ್ನು ಹೆಸರಿಸಿಯೇ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಮಣಿಪಾಲದ ಟಿಪ್ಪಣಿ ಮತ್ತು ಪೆಥಾಲಜಿ ವರದಿಯನ್ನೂ ತರಿಸಿಕೊಳ್ಳಿ.

ದೂರನ್ನು ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಸಲ್ಲಿಸಬಹುದು. ನೀವು ಆಸ್ಪತ್ರೆಗೆ ಕಟ್ಟಿದ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಪೊಲೀಸ್ ಠಾಣೆಗೆ ಹೋಗುವ ಯೋಚನೆಯಿದ್ದರೆ, ಕ್ರಿಮಿನಲ್ ಹೊಣೆಗೆ ಘೋರ ನಿರ್ಲಕ್ಷ್ಯ ಸಾಬೀತಾಗಬೇಕೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಪರಿಹಾರವೇ ನಿಮ್ಮ ಉದ್ದೇಶವಾಗಿದ್ದರೆ ಆ ಹಾದಿ ಹಿಡಿಯಬೇಕೆಂದು ನನಗನ್ನಿಸುವುದಿಲ್ಲ.