ವಿಜಯಪುರದಲ್ಲಿ ಒಂದೇ ದಿನ: ಮಕ್ಕಳು, ವಯಸ್ಸಾದ ತಂದೆ ತಾಯಿ ಜೊತೆ ಏನೇನು ನೋಡಬಹುದು?

ನಿಮ್ಮ ಪ್ಲಾನ್ ಓದಿ ಹದಿನಾಲ್ಕು ವರ್ಷದ ಹಿಂದಿನ ನನ್ನನ್ನೇ ನೋಡಿದ ಹಾಗಾಯಿತು. ಶುಕ್ರವಾರ ಬೆಳಿಗ್ಗೆ ರೈಲು ಇಳಿಯೋದು, ಎಂಟು ಜಾಗ ನೋಡೋದು, ಸ್ಟೇಷನ್ ಹತ್ತಿರ ಇದೆ ಅಂತ ಗೋಳಗುಮ್ಮಟ ಕೊನೆಗೆ ಇಟ್ಟುಕೊಳ್ಳೋದು, ಟೈಮ್ ಸಾಲದಿದ್ದರೆ ಮ್ಯೂಸಿಯಂ ಬಿಡೋದು. ನಾನೂ ಹೀಗೇ ಒಂದು ಚೀಟಿ ಬರೆದುಕೊಂಡು ಬಂದಿದ್ದೆ.

ನಾವು ದಾವಣಗೆರೆಯವರು. ಅಪ್ಪನಿಗೆ ಆಗ 68 ವರ್ಷ. ಓಣಿಯ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಾ, ಹಾಡುತ್ತಾ ಬೆಳೆದವರು. ಅವರು ಐದನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ಹೇಳಿದ್ದರಂತೆ, ಬಿಜಾಪುರದ ಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳುತ್ತೆ, ಈ ಗೋಡೆಗೆ ಪಿಸುಗುಟ್ಟಿದರೆ ಆ ಗೋಡೆಗೆ ಕಿವಿ ಇಟ್ಟವನಿಗೆ ಕೇಳುತ್ತೆ ಅಂತ. ಅವತ್ತಿನಿಂದ ಅವರಿಗೆ ಒಂದೇ ಆಸೆ. ಅಲ್ಲಿ ನಿಂತು ಒಂದು ಸಲ 'ಸಾ' ಹಿಡಿಯಬೇಕು. ಬೇರೆ ಯಾವ ಊರೂ ಅವರು ಕೇಳಿದವರಲ್ಲ.

ಡಿಸೆಂಬರ್ ತಿಂಗಳು. ರೈಲು ಇಳಿದಾಗ ಗುಮ್ಮಟ ಕಣ್ಣೆದುರೇ ಇತ್ತು, ಅಪ್ಪ ಪ್ಲಾಟ್‌ಫಾರ್ಮ್ ಮೇಲೇ ನಿಂತುಬಿಟ್ಟರು. ನಾನು ಅವರನ್ನು ಆಟೋ ಹತ್ತಿಸಿ ಲಾಡ್ಜಿಗೆ ಕರೆದುಕೊಂಡು ಹೋದೆ. ನನ್ನ ಲೆಕ್ಕ ಏನು ಅಂದರೆ, ಮೊದಲು ದೂರದ್ದು ಮುಗಿಸಬೇಕು, ಹತ್ತಿರದ್ದು ಕೊನೆಗೆ. ಸ್ನಾನ, ತಿಂಡಿ, ಆಮೇಲೆ ಊರಿನ ಪಶ್ಚಿಮದಲ್ಲಿರುವ ಇಬ್ರಾಹಿಂ ರೋಜಾ, ಅಲ್ಲಿಂದ ಮಲಿಕ್-ಎ-ಮೈದಾನ್ ಅನ್ನೋ ಫಿರಂಗಿ, ಉಪ್ಪಲಿ ಬುರುಜು, ಬಾರಾ ಕಮಾನ್, ಹೀಗೆ ಪೂರ್ವಕ್ಕೆ ಬರುತ್ತಾ ಬರುತ್ತಾ ಮಧ್ಯಾಹ್ನಕ್ಕೆ ಗೋಳಗುಮ್ಮಟ, ಅಲ್ಲೇ ಪಕ್ಕದಲ್ಲಿ ಸ್ಟೇಷನ್. ಮ್ಯಾಪ್ ಇಟ್ಟುಕೊಂಡು ನೋಡಿದರೆ ಇದರಲ್ಲಿ ಒಂದು ತಪ್ಪೂ ಸಿಗಲ್ಲ. ಆಟೋ ದುಡ್ಡೂ ಉಳಿಯುತ್ತೆ. ನಾನು ನೋಡದೆ ಇದ್ದದ್ದು ಮ್ಯಾಪ್‌ನಲ್ಲಿ ಇರಲ್ಲ. ಡಿಸೆಂಬರ್ ಅಂದರೆ ಶಾಲೆ ಪ್ರವಾಸದ ತಿಂಗಳು. ಆ ಬಸ್ಸುಗಳು ಹತ್ತು, ಹತ್ತೂವರೆಯಿಂದ ಬರೋಕೆ ಶುರುವಾಗುತ್ತವೆ. ನಾವು ಹೋದಾಗ ಹನ್ನೆರಡು. ಹೊರಗೆ ಹದಿನೇಳು ಬಸ್ ನಿಂತಿದ್ದವು, ನನ್ನ ಮಗಳು ಎಣಿಸಿದ್ದಳು.

ಅದರಿಂದ ಏನಾಗುತ್ತೆ ಅಂತ ಸರಿಯಾಗಿ ಹೇಳಬೇಕು, ಯಾಕೆಂದರೆ ಜನ ಇದನ್ನು ಸುಮ್ನೆ 'ರಶ್ ಇತ್ತು' ಅಂತ ಹೇಳಿ ಬಿಟ್ಟುಬಿಡುತ್ತಾರೆ. ಗುಮ್ಮಟದ ಹೊರಗಿನ ಅಡ್ಡಳತೆ ಸುಮಾರು 44 ಮೀಟರ್, ಒಳಗೆ 37 ಮೀಟರ್‌ಗಿಂತ ಜಾಸ್ತಿ. ಮಧ್ಯೆ ಒಂದು ಕಂಬವೂ ಇಲ್ಲ. ಅದರ ಬುಡದಲ್ಲಿ ಸುತ್ತಲೂ ಓಡಾಡೋ ಗ್ಯಾಲರಿ. ಪಿಸುಮಾತು ಆ ದುಂಡು ಗೋಡೆಯನ್ನು ತಬ್ಬಿಕೊಂಡೇ ಸಾಗಿ ಆ ಬದಿಗೆ ಮುಟ್ಟುತ್ತೆ. ಅದು ಕೇಳಬೇಕು ಅಂದರೆ ಒಳಗೆ ಮೌನ ಇರಬೇಕು. ಒಬ್ಬ ಹುಡುಗ ಸಿಳ್ಳೆ ಹಾಕಿದರೆ ಅದು ಏಳು ಸಲ ತಿರುಗುತ್ತೆ. ಅದು ಅಡಗೋ ಮೊದಲೇ ಇನ್ನೊಬ್ಬ ಹಾಕಿರುತ್ತಾನೆ. ನೂರು ಮಕ್ಕಳಿದ್ದರೆ ಆ ಸದ್ದು ನಿಲ್ಲೋದೇ ಇಲ್ಲ. ಅದು ಮಕ್ಕಳ ತಪ್ಪಲ್ಲ, ಕೂಗೋಕೇ ಅಲ್ವಾ ಅವರು ಬಂದಿರೋದು. ತಪ್ಪು ಆ ಹೊತ್ತಿಗೆ ಹೋದ ನನ್ನದು.

ಮೇಲೆ ಹತ್ತೋಕೆ ಮೂಲೆಯ ಗೋಪುರದೊಳಗೆ ಇಕ್ಕಟ್ಟಾದ ಕಲ್ಲಿನ ಮೆಟ್ಟಿಲು, ಏಳು ಅಂತಸ್ತು. ಮೆಟ್ಟಿಲು ಎತ್ತರ. ಇಳಿಯೋ ಮಕ್ಕಳಿಗೆ ದಾರಿ ಬಿಡುತ್ತಾ, ಗೋಡೆಗೆ ಒತ್ತಿಕೊಂಡು ನಿಲ್ಲುತ್ತಾ, ಅಪ್ಪ ಮುಕ್ಕಾಲು ಗಂಟೆ ತಗೊಂಡು ಹತ್ತಿದರು. ಆ ಬದಿಗೆ ಹೋಗಿ ಗೋಡೆಗೆ ಕಿವಿ ಇಟ್ಟರು. ನಾನು ಈ ಬದಿಯಿಂದ 'ಅಪ್ಪಾ' ಅಂದೆ. ಕೇಳಲಿಲ್ಲ. ಜೋರಾಗಿ ಅಂದೆ. ತಲೆ ಅಲ್ಲಾಡಿಸಿದರು. ಅವರು 'ಸಾ' ಹಿಡಿಯಲೇ ಇಲ್ಲ. ಹತ್ತು ನಿಮಿಷ ಹಾಗೇ ನಿಂತಿದ್ದು "ನಡಿಯೋ, ಇಳಿಯೋಣ" ಅಂದರು. ವಾಪಸ್ ಹೋಗುವಾಗ ರೈಲಿನಲ್ಲಿ ಒಂದು ಮಾತೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಐದು ವರ್ಷದ ಮೇಲೆ ನನಗೆ ಇದೇ ಊರಿಗೆ ವರ್ಗ ಆಯಿತು, ಈಗ ಇಲ್ಲೇ ಇದ್ದೇವೆ. ಅಷ್ಟೊತ್ತಿಗೆ ಅಪ್ಪನ ಮಂಡಿ ಹೋಗಿತ್ತು. ಒಂದು ಬೆಳಿಗ್ಗೆ ಬಾಗಿಲು ತೆರೆಯೋ ಹೊತ್ತಿಗೇ ಹೋದೆವು. ಅಪ್ಪ ಕೆಳಗೆ ಕೂತರು, ನಾನು ಮಗಳು ಮೇಲೆ ಹತ್ತಿದೆವು. ಒಳಗೆ ಪಾರಿವಾಳ ಬಿಟ್ಟರೆ ಯಾರೂ ಇಲ್ಲ. ಮಗಳು ಮೇಲಿಂದ 'ಸಾ' ಹಿಡಿದಳು. ಅದು ತಿರುಗಿ ತಿರುಗಿ ಅಡಗೋವರೆಗೂ ಅಪ್ಪ ಕೆಳಗೆ ಬೆರಳು ಮಡಚಿ ಎಣಿಸುತ್ತಾ ಕೂತಿದ್ದರು. ಗೋಡೆಗೆ ಕಿವಿ ಇಟ್ಟು ಪಿಸುಮಾತು ಕೇಳೋದು ಮಾತ್ರ ಅವರಿಗೆ ಸಿಗಲೇ ಇಲ್ಲ. ಈಗ ಅವರಿಲ್ಲ.

ಅದಕ್ಕೇ ಹೇಳ್ತಿದ್ದೇನೆ, ಎಂಟು ಜಾಗ ಒಂದು ದಿನಕ್ಕೆ ಹಿಡಿಯುತ್ತಾ ಅನ್ನೋ ಪ್ರಶ್ನೆಯನ್ನೇ ಬಿಡಿ. ಹಿಡಿಯುತ್ತೆ, ನಾನು ಹಿಡಿಸಿ ನೋಡಿದ್ದೇನೆ. ರೈಲು ಬೆಳಕಾಗುವಾಗ ಬಂದರೆ ಲಾಡ್ಜ್ ಬೇಡ, ಲಗೇಜ್ ಸಮೇತ ನೇರ ಗೋಳಗುಮ್ಮಟಕ್ಕೆ ಹೋಗಿ. ಲಗೇಜ್ ಹತ್ತಿರ ಒಬ್ಬರು ಕೂತಿರಲಿ, ಆಮೇಲೆ ಅದಲು ಬದಲು ಮಾಡಿಕೊಳ್ಳಿ. ಸ್ನಾನ ತಿಂಡಿ ಎಲ್ಲಾ ಆಮೇಲೆ. ರೈಲು ತಡವಾದರೆ ಅವತ್ತು ಗುಮ್ಮಟ ಹತ್ತಲೇಬೇಡಿ, ರಾತ್ರಿ ಉಳಿದು ಶನಿವಾರ ಬೆಳಿಗ್ಗೆ ಹೋಗಿ. ನಿಮ್ಮ ತಾಯಿಗೆ ಮಂಡಿ ನೋವು ಅಂತ ಬರೆದಿದ್ದೀರಿ. ಹತ್ತೋದು ಕಷ್ಟ ಅಂದರೆ ಕೆಳಗೆ ಕೂತರೂ ಕೇಳುತ್ತೆ, ಆದರೆ ತಂದೆ ಹತ್ತೋ ಹಾಗಿದ್ದರೆ ಈ ಸಲವೇ ಹತ್ತಿಸಿ.

ಇನ್ನು 'ಮಕ್ಕಳಿಗೆ ಹಳೇ ಗೋರಿ ಬೋರಾಗಲ್ವಾ, ವಾಟರ್ ಪಾರ್ಕ್ ಇದೆಯಾ' ಅಂತ ಕೇಳಿದ್ದೀರಿ. ವಾಟರ್ ಪಾರ್ಕ್‌ಗೆ ವಿಜಯಪುರಕ್ಕೆ ಬರಬೇಕಾ? ಆರು ವರ್ಷದ ಹುಡುಗನಿಗೆ ಮಲಿಕ್-ಎ-ಮೈದಾನ್ ತೋಪು ತೋರಿಸಿ ನೋಡಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, 55 ಟನ್ ತೂಕ. ಬಾಯಿ ಸಿಂಹದ ಬಾಯಿ, ಹಲ್ಲಿನ ನಡುವೆ ಒಂದು ಆನೆ ಸಿಕ್ಕಿಹಾಕಿಕೊಂಡಿದೆ. ಆನೆ ಎಲ್ಲಿದೆ ಅಂತ ನೀವು ಹೇಳಬೇಡಿ, ಅವನೇ ಹುಡುಕಲಿ. ಉಪ್ಪಲಿ ಬುರುಜಿಗೆ ಹೊರಗಿನಿಂದ ಸುತ್ತಿಕೊಂಡು ಹೋಗೋ ಮೆಟ್ಟಿಲು, ಮೇಲೆ ಉದ್ದದ ತೋಪುಗಳು. ಮಕ್ಕಳನ್ನು ಇಳಿಸೋದೇ ಕಷ್ಟ. ಬಾರಾ ಕಮಾನ್ ಅರ್ಧಕ್ಕೆ ನಿಂತ ಕಟ್ಟಡ, ಎರಡನೇ ಅಲಿ ಆದಿಲ್ ಶಾಹನ ಗೋರಿ. ಅಲ್ಲಿ ಕಮಾನಿನ ಸಾಲಿನಲ್ಲಿ ಸಂಜೆ ಹೊತ್ತು ಓಡಾಡಲಿ.

ಮ್ಯೂಸಿಯಂ ಬಿಡಬೇಡಿ. ಗುಮ್ಮಟದ ಮುಂದೆ ಇರುವ ನಗಾರಿಖಾನೆಯೇ ಮ್ಯೂಸಿಯಂ, 1892ರಲ್ಲಿ ಶುರುವಾದದ್ದು. ಕೆಳಗೆ ಕನ್ನಡ, ಪರ್ಷಿಯನ್ ಶಾಸನಗಳು, ಜೈನ ಮೂರ್ತಿಗಳು. ಮೇಲೆ ಕೈಬರಹದ ಪುಸ್ತಕಗಳು, ಆಯುಧಗಳು, ಚೀನೀ ಪಿಂಗಾಣಿ, ರತ್ನಗಂಬಳಿ. ಆದರೆ ನೀವು ಬರ್ತಿರೋದು ಶುಕ್ರವಾರ, ಅವತ್ತು ಅದಕ್ಕೆ ರಜಾ. ಉಳಿದುಕೊಳ್ಳೋಕೆ ಇದೂ ಒಂದು ಕಾರಣ. ಶನಿವಾರ ಬೆಳಿಗ್ಗೆ ಮತ್ತೆ ಈ ಕಡೆ ಬಂದು ನೋಡಿ.

ಇಬ್ರಾಹಿಂ ರೋಜಾ ನಿಮ್ಮ ತಂದೆ ತಾಯಿಗೆ. ಮೆಟ್ಟಿಲು ಕಡಿಮೆ, ನೆರಳಿದೆ, ಗಂಟೆಗಟ್ಟಲೆ ಕೂರಬಹುದು. ಕಿಟಕಿಯ ಕಲ್ಲನ್ನು ಅಕ್ಷರದ ಆಕಾರದಲ್ಲೇ ಕೊರೆದಿದ್ದಾರೆ, ಬೆಳಕು ಆ ಅಕ್ಷರಗಳ ಸಂದಿಯಿಂದಲೇ ಒಳಗೆ ಬರುತ್ತೆ. ಅಲ್ಲಿ ಮಲಗಿರೋ ಎರಡನೇ ಇಬ್ರಾಹಿಂ ಆದಿಲ್ ಶಾಹ ಸಂಗೀತದ ಹುಚ್ಚಿದ್ದ ದೊರೆ. ದಖನಿಯಲ್ಲಿ ಹಾಡು ಬರೆದವನು, ಸರಸ್ವತಿಯನ್ನು ಹೊಗಳಿ ಹಾಡಿದವನು. ಜನ ಅವನನ್ನು ಜಗದ್ಗುರು ಬಾದಶಾಹ ಅಂತ ಕರೀತಿದ್ದರು. ಅಪ್ಪ ಕೊನೆಕೊನೆಗೆ ಅಲ್ಲಿಗೇ ಕರೆದುಕೊಂಡು ಹೋಗು ಅಂತಿದ್ದರು.

ಆಲಮಟ್ಟಿ ಅಣೆಕಟ್ಟು ಈ ಸಲ ಬೇಡ. ತೋಟ, ಕಾರಂಜಿ ಚೆನ್ನಾಗಿವೆ, ಆದರೆ ಹೋಗಿ ಬರೋಕೇ ಮೂರು ಗಂಟೆ. ಸಂಜೆ ಯಾವುದಾದರೂ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಿಂದು ಬೇಗ ಮಲಗಿ.

ಗ್ಯಾಲರಿಯಲ್ಲಿ ಮೊದಲು ಎಲ್ಲರೂ ಎರಡು ನಿಮಿಷ ಸುಮ್ಮನೆ ನಿಲ್ಲಿ. ಮಕ್ಕಳಿಗೆ ಕೂಗೋದು ಆಮೇಲೆ ಅಂತ ಮೊದಲೇ ಹೇಳಿಟ್ಟಿರಿ. ಆ ಬದಿಗೆ ತಂದೆ ಹೋಗಲಿ, ಈ ಬದಿಯಲ್ಲಿ ನೀವು ಇರಿ.