ಕ್ಲ್ಯಾನ್ ಲೆಕ್ಕದ ಪುಟ: ಕರೆಂಟ್ ಹೋಗಿ ಬಂದರೆ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ‘ಕ್ಲಾಶ್ ಆಫ್ ಕ್ಲ್ಯಾನ್ಸ್’ ಆಟದಲ್ಲಿ ನಮ್ಮದು 42 ಜನರ ಕ್ಲ್ಯಾನ್ (ಆಟಗಾರರ ಗುಂಪು). ವಾರ್‌ನಲ್ಲಿ, ಅಂದರೆ ಇನ್ನೊಂದು ಕ್ಲ್ಯಾನ್ ಜೊತೆಗಿನ ಯುದ್ಧದಲ್ಲಿ, ಯಾರು ಎಷ್ಟು ಸ್ಟಾರ್ ತಂದರು ಅಂತ ತೋರಿಸೋ ವೆಬ್ ಪುಟ ಮಾಡಿ ಮನೆ ಕಂಪ್ಯೂಟರಿನಲ್ಲೇ ಓಡಿಸುತ್ತಿದ್ದೇನೆ. ಮಳೆಗೆ ಕರೆಂಟ್ ಹೋಗಿ ಬಂದಾಗಲೆಲ್ಲ 403 (ಅನುಮತಿ ಇಲ್ಲ) ದೋಷ ಬರುತ್ತದೆ. ಹೊಸ ಕೀ ಮಾಡಿದರೆ ಸರಿಹೋಗುತ್ತೆ, ಎರಡು ದಿನಕ್ಕೆ ಮತ್ತೆ ಅದೇ ಪಾಡು.
– ಓದುಗರು, ಸಕಲೇಶಪುರ

ಉತ್ತರ: ನಿಮ್ಮ ಕೋಡ್ ಸರಿಯಾಗಿದೆ, ಬದಲಾಗುತ್ತಿರುವುದು ಮನೆಯ ಐಪಿ ವಿಳಾಸ, ಅಂದರೆ ಇಂಟರ್‌ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ. ಆಟದ ಕಂಪನಿ ಸೂಪರ್‌ಸೆಲ್ ಕೊಡುವ ಎಪಿಐ (ಆಟದ ಮಾಹಿತಿಯನ್ನು ಬೇರೆ ಪ್ರೋಗ್ರಾಂಗಳಿಗೆ ಕೊಡುವ ಸೇವೆ) ಕೀ, ಅದನ್ನು ಮಾಡುವಾಗ ನೀವು ಬರೆದ ಐಪಿಗೇ ಅಂಟಿಕೊಂಡಿರುತ್ತದೆ. ಮನೆಯ ಬ್ರಾಡ್‌ಬ್ಯಾಂಡ್‌ಗೆ ಸಾಮಾನ್ಯವಾಗಿ ಕಾಯಂ ಐಪಿ ಇರುವುದಿಲ್ಲ. ಮೋಡೆಮ್ ಆರಿ ಹೊತ್ತಿದರೆ ಹೊಸದು ಬರುತ್ತದೆ, ಹಳೆಯ ಕೀ ಕೆಲಸಕ್ಕೆ ಬಾರದಾಗುತ್ತದೆ. ದೋಷದ ಜೊತೆ ಬರುವ ಸಂದೇಶವನ್ನು ಪೂರ್ತಿ ಓದಿ: ‘ಇನ್‌ವ್ಯಾಲಿಡ್ ಐಪಿ’ ಎಂದಿದ್ದರೆ ಇದೇ ಕಾರಣ. ಐಪಿ ಸರಿಯಿದ್ದೂ ವಾರ್ ವಿವರ ಕೇಳಿದಾಗ ಮಾತ್ರ 403 ಬಂದರೆ ಕ್ಲ್ಯಾನ್ ಸೆಟ್ಟಿಂಗ್‌ನಲ್ಲಿ ವಾರ್ ಲಾಗ್ ಪಬ್ಲಿಕ್ ಇದೆಯೇ ನೋಡಿ.

ದಾರಿ ಮೂರಿವೆ. ಕಾಯಂ ಐಪಿ ಇರುವ ಸಣ್ಣ ಬಾಡಿಗೆ ಸರ್ವರ್‌ಗೆ ಕೆಲಸವನ್ನು ಸಾಗಿಸುವುದು ಎಲ್ಲಕ್ಕಿಂತ ಗಟ್ಟಿ. ಕರೆಂಟ್ ಹೋದರೂ ಲೆಕ್ಕ ನಿಲ್ಲುವುದಿಲ್ಲ. ಎರಡನೆಯದು, ರಾಯಲ್ ಎಪಿಐ ಎಂಬ ಆಟಗಾರರ ಬಳಗ ನಡೆಸುವ ಪ್ರಾಕ್ಸಿ, ಅಂದರೆ ನಿಮ್ಮ ಪರವಾಗಿ ಕೇಳಿ ತಂದುಕೊಡುವ ಮಧ್ಯದ ಸರ್ವರ್. ಕೀ ಮಾಡುವಾಗ ಅವರು ಪ್ರಕಟಿಸಿರುವ ಐಪಿ ಬರೆದು, ಕೋಡ್‌ನಲ್ಲಿ ಮೂಲ ವಿಳಾಸದ ಜಾಗದಲ್ಲಿ ಅವರ ವಿಳಾಸ ಹಾಕಿದರಾಯಿತು. ನಿಮ್ಮ ಕೀ ಅವರ ಕೈಮೇಲೆ ಹಾದುಹೋಗುತ್ತದೆ ಎಂಬುದು ನೆನಪಿರಲಿ. ಮೂರನೆಯದು, ‘ಸಿಒಸಿ ಡಾಟ್ ಪಿವೈ’ ಎಂಬ ಪೈಥಾನ್ ಲೈಬ್ರರಿ. ಡೆವಲಪರ್ ಖಾತೆಯ ಇಮೇಲ್, ಪಾಸ್‌ವರ್ಡ್ ಕೊಟ್ಟರೆ ಆಗಿನ ಐಪಿಗೆ ತಾನೇ ಕೀ ಮಾಡಿಕೊಳ್ಳುತ್ತದೆ. ಇದಕ್ಕೆಂದೇ ಬೇರೆ ಖಾತೆ ತೆರೆಯಿರಿ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ.

ಯಾವ ದಾರಿ ಹಿಡಿದರೂ ಕೀಯನ್ನು ಪುಟದ ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯಬೇಡಿ. ಬಲಗುಂಡಿ ಒತ್ತಿ ಸೋರ್ಸ್ ನೋಡಿದವರಿಗೆಲ್ಲ ಅದು ಸಿಗುತ್ತದೆ. ಸರ್ವರ್ ತಂದಿಟ್ಟ ಫೈಲನ್ನು ಪುಟ ಓದಲಿ, ಸಾಕು.

ಪ್ರಶ್ನೆ: ಹಳೆಯ ವಾರ್‌ಗಳಲ್ಲಿ ಒಬ್ಬೊಬ್ಬರ ಅಟ್ಯಾಕ್ ವಿವರ ಎಲ್ಲಿ ಸಿಗುತ್ತದೆ?
– ಓದುಗರು, ಕಡೂರು

ಉತ್ತರ: ಮಾಮೂಲಿ ವಾರ್ ಆದರೆ, ನೀವೇ ಕೂಡಿಟ್ಟಿದ್ದರೆ ಮಾತ್ರ. ವಾರ್ ಲಾಗ್‌ನಲ್ಲಿ ಬರುವುದು ಒಟ್ಟು ಸ್ಟಾರ್, ಒಟ್ಟು ಶೇಕಡಾವಾರು ಮುಂತಾದ ಇಡೀ ಕ್ಲ್ಯಾನಿನ ಲೆಕ್ಕ ಅಷ್ಟೇ. ಯಾರು ಯಾರ ಮೇಲೆ ಹೋದರು ಎಂಬುದು ‘ಕರೆಂಟ್ ವಾರ್’ (ಈಗಿನ ವಾರ್) ವಿವರದಲ್ಲಷ್ಟೇ ಇರುತ್ತದೆ, ಮುಂದಿನ ವಾರ್ ಶುರುವಾದರೆ ಅಳಿಸಿಹೋಗುತ್ತದೆ. ಇಂಥ ಪುಟಗಳ ನಿಜವಾದ ಬೆಲೆ ಇರುವುದೇ ಈ ಕೂಡಿಟ್ಟ ಲೆಕ್ಕದಲ್ಲಿ, ಆದ್ದರಿಂದ ಅಂದಚೆಂದಕ್ಕಿಂತ ಮೊದಲು ಇದನ್ನು ಮಾಡಿ.

ವಾರ್‌ಗೆ ಮುಂಚಿನ ತಯಾರಿಯ 23 ಗಂಟೆ ಎಪಿಐಯನ್ನು ಗಂಟೆಗೊಮ್ಮೆ ಕೇಳಿದರೆ ಸಾಕು. ಯುದ್ಧದ 24 ಗಂಟೆ 10 ನಿಮಿಷಕ್ಕೊಮ್ಮೆ ಕೇಳಿ, ಒಟ್ಟು 144 ಸಲ ಆಗುತ್ತದೆ. ಬಹಳ ಮಂದಿ ಎಡವುವುದು ಕೊನೆಯಲ್ಲಿ: ಕಡೆಯ ನಿಮಿಷದ ಅಟ್ಯಾಕ್‌ಗಳು ಬಿಟ್ಟುಹೋಗುತ್ತವೆ. ಮುಗಿಯುವ ಸಮಯ ಎಪಿಐ ಕೊಡುವ ಉತ್ತರದಲ್ಲೇ ಇರುತ್ತದೆ. ಅದಾದ ಎರಡು ಮೂರು ನಿಮಿಷಕ್ಕೆ ಇನ್ನೊಂದು ಸಲ ಕೇಳಲು ಗೊತ್ತು ಮಾಡಿಡಿ. ಕೂಡಿಡಲು ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್‌ನ ಒಂದೇ ಟೇಬಲ್ ಸಾಲುತ್ತದೆ. ತಯಾರಿ ಶುರುವಾದ ಸಮಯ, ಹೊಡೆದವರ ಟ್ಯಾಗ್ (ಆಟ ಕೊಡುವ ಗುರುತಿನ ಅಕ್ಷರಗಳು), ಹೊಡೆಸಿಕೊಂಡವರ ಟ್ಯಾಗ್, ಈ ಮೂರನ್ನೂ ಸೇರಿಸಿ ಪ್ರೈಮರಿ ಕೀ (ಪ್ರತಿ ದಾಖಲೆಯನ್ನು ಬೇರೆಯಾಗಿ ಗುರುತಿಸುವ ಅಂಶ) ಮಾಡಿ. ಒಂದೇ ವಾರ್‌ನಲ್ಲಿ ಒಬ್ಬರು ಒಂದು ಬೇಸ್ (ಎದುರಾಳಿಯ ಊರು) ಮೇಲೆ ಎರಡು ಸಲ ಹೋಗಲಾಗದು, ಹಾಗಾಗಿ ಅದೇ ಅಟ್ಯಾಕ್ ಎರಡು ಸಲ ದಾಖಲಾಗುವುದಿಲ್ಲ. ಹೆಸರನ್ನು ಕೀ ಮಾಡಬೇಡಿ, ಆಟಗಾರರು ಬದಲಿಸಿಕೊಳ್ಳುತ್ತಾರೆ. 429 ಬಂದರೆ ನೀವು ಅತಿಯಾಗಿ ಕೇಳುತ್ತಿದ್ದೀರಿ, 503 ಬಂದರೆ ಆಟಕ್ಕೆ ರಿಪೇರಿ ನಡೆದಿದೆ. ಎರಡಕ್ಕೂ ಕಾಯಬೇಕು.

ಪ್ರಶ್ನೆ: ಕೆಲವರ ಟ್ಯಾಗ್ ಹಾಕಿದರೆ 404 (ಸಿಗಲಿಲ್ಲ) ದೋಷ. ವಾರ್ ಮುಗಿಯುವ ಸಮಯವೂ ಐದೂವರೆ ಗಂಟೆ ಹಿಂದೆ ತೋರಿಸುತ್ತದೆ.
– ಓದುಗರು, ಅರಸೀಕೆರೆ

ಉತ್ತರ: ಎಪಿಐ ವಿಳಾಸದಲ್ಲಿ ಟ್ಯಾಗ್‌ನ ಮೊದಲಿನ # ಚಿಹ್ನೆಯನ್ನು ಹಾಗೇ ಕಳಿಸಬಾರದು, ಅದರ ಜಾಗಕ್ಕೆ %23 ಬರಬೇಕು. ಟ್ಯಾಗ್‌ಗಳಲ್ಲಿ ‘ಓ’ ಅಕ್ಷರವೇ ಇಲ್ಲ, ಇರುವುದು ಸೊನ್ನೆ. ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಟೈಪ್ ಮಾಡಿ ಕಳಿಸಿದವರದ್ದೆಲ್ಲ ಇಲ್ಲೇ ಕೆಡುತ್ತದೆ. ‘ಓ’ ಕಂಡರೆ ಸೊನ್ನೆ ಮಾಡಿಬಿಡುವ ಒಂದು ಸಾಲು ಕೋಡ್ ಸೇರಿಸಿ.

ಸಮಯ ಬರುವುದು ಯುಟಿಸಿಯಲ್ಲಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ. ಅಡ್ಡಗೆರೆ, ಕೋಲನ್ ಇಲ್ಲದೆ ಒತ್ತಾಗಿ ಬರೆದಿರುವುದರಿಂದ ಜಾವಾಸ್ಕ್ರಿಪ್ಟ್‌ಗೆ ನೇರವಾಗಿ ಅರ್ಥವಾಗುವುದಿಲ್ಲ. ಮೊದಲು ಅವನ್ನು ಸೇರಿಸಿ, ತುದಿಯ ‘ಝಡ್’ ಅಕ್ಷರ ಉಳಿಸಿಕೊಳ್ಳಿ. ಅದನ್ನು ಕತ್ತರಿಸಿದ್ದರಿಂದಲೇ ನಿಮ್ಮ ಐದೂವರೆ ಗಂಟೆ ಕಳೆದಿರುವುದು.

ಪ್ರಶ್ನೆ: ಈ ಖಾತೆ ಇವರದ್ದೇ ಎಂದು ಪುಟದಲ್ಲಿ ಖಚಿತ ಮಾಡಿಕೊಳ್ಳುವುದು ಹೇಗೆ?
– ಓದುಗರು, ಮೂಡಿಗೆರೆ

ಉತ್ತರ: ಆಟದ ಸೆಟ್ಟಿಂಗ್ಸ್‌ನಲ್ಲಿ ‘ಮೋರ್ ಸೆಟ್ಟಿಂಗ್ಸ್’ ಒಳಗೆ ಎಪಿಐ ಟೋಕನ್ ಎಂಬ ಗುಟ್ಟಿನ ಸಂಕೇತ ಇದೆ. ಆಟಗಾರರು ಅದನ್ನು ನಿಮ್ಮ ಪುಟದಲ್ಲಿ ಹಾಕಲಿ, ನಿಮ್ಮ ಸರ್ವರ್ ಅದನ್ನು ಎಪಿಐನ ‘ವೆರಿಫೈ ಟೋಕನ್’ ವಿಳಾಸಕ್ಕೆ ಕಳಿಸಿ ಹೌದೋ ಅಲ್ಲವೋ ತಿಳಿಯಲಿ. ಇಮೇಲ್ ಆಗಲಿ, ಲಾಗಿನ್ ಕೋಡ್ ಆಗಲಿ ಯಾರನ್ನೂ ಕೇಳಬೇಡಿ. ಪುಟದ ಬುಡದಲ್ಲಿ ಇದು ಸೂಪರ್‌ಸೆಲ್‌ನ ಅಧಿಕೃತ ಪುಟವಲ್ಲ ಎಂದು ಬರೆಯುವುದು ಅವರ ಅಭಿಮಾನಿ ನಿಯಮದಂತೆ ಕಡ್ಡಾಯ.