ಸ್ಟ್ಯಾನ್ಲಿ ರೌಸ್ 1974ರಲ್ಲಿ ಸೋತದ್ದು ಹಣಬಲಕ್ಕೆ ಮಾತ್ರವೇ?

ಫುಟ್‌ಬಾಲಿನ ಒಳಹೊರಗು ಬಲ್ಲ, ಆಗ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಅಧ್ಯಕ್ಷರಾಗಿದ್ದ ಇಂಗ್ಲೆಂಡಿನ ಸ್ಟ್ಯಾನ್ಲಿ ರೌಸ್ 1974ರ ಅಧ್ಯಕ್ಷ ಚುನಾವಣೆಯಲ್ಲಿ ಬ್ರೆಜಿಲಿನ ಜೊವಾವೊ ಹವಲಾಂಜ್ ಎದುರು ಸೋತದ್ದು ಹಣಬಲದಿಂದಲೇ ಎಂದು ಕೇಳಿದ್ದೀರಿ. ಹಣದ ಆರೋಪ ಹಳೆಯದು. ಆದರೆ ಆ ಸೋಲಿನ ಬೇರು 1963ರಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ನಾನು ರೆಫರಿ, ರೌಸ್ ಬಗ್ಗೆ ನನಗೆ ಅಪಾರ ಗೌರವವಿದೆ. ಶಾಲಾ ಶಿಕ್ಷಕರಾಗಿದ್ದ ಅವರು ಇಂಗ್ಲೆಂಡಿನ ಹೆಸರಾಂತ ಪಂದ್ಯಾವಳಿ ಎಫ್‌ಎ ಕಪ್‌ನ 1934ರ ಫೈನಲ್‌ಗೆ ರೆಫರಿ. ಅದೇ ವರ್ಷ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ರೆಫರಿ ಮೈದಾನದ ಒಂದು ಮೂಲೆಯ ಕಡೆಯಿಂದ ಎದುರು ಮೂಲೆಯ ಕಡೆಗೆ ಓರೆಯಾಗಿ ಓಡಾಡುವ ಪದ್ಧತಿಯನ್ನು ರೂಢಿಗೆ ತಂದವರು ಅವರೇ. ಹೀಗೆ ಓಡಿದಾಗ ಆಟ ಬಹುಮಟ್ಟಿಗೆ ರೆಫರಿ ಮತ್ತು ಒಬ್ಬ ಲೈನ್ಸ್‌ಮನ್ ನಡುವೆಯೇ ಉಳಿಯುತ್ತದೆ. ರಕ್ಷಕನ ಬೆನ್ನು ಅಡ್ಡ ಬಂದು ನನಗೆ ಕಾಣದ ಜರ್ಸಿ ಎಳೆತ ಆಚೆ ಬದಿಯಲ್ಲಿ ಬಾವುಟ ಹಿಡಿದವರಿಗೆ ಕಾಣುತ್ತದೆ. ಸಿಳ್ಳೆ ಹಿಡಿದು ಓಡಿದವರಿಗೆ ಇದರ ಬೆಲೆ ಗೊತ್ತು. 1938ರಲ್ಲಿ, ತೇಪೆಯ ಮೇಲೆ ತೇಪೆ ಬಿದ್ದಿದ್ದ ಆಟದ ನಿಯಮಗಳನ್ನು 17 ನಿಯಮಗಳಾಗಿ ಸ್ಪಷ್ಟವಾಗಿ ತಿದ್ದಿ ಬರೆದವರೂ ಅವರೇ.

1961ರಲ್ಲಿ ಫಿಫಾ ಅಧ್ಯಕ್ಷರಾದ ಮೇಲೆ ಈ ಮನುಷ್ಯನ ಕಣ್ಣಿಗೆ ದೊಡ್ಡ ಅನ್ಯಾಯವೊಂದು ಬೀಳಲಿಲ್ಲ. ವರ್ಣಭೇದ ನೀತಿಯ ಕಾರಣಕ್ಕೆ ಫಿಫಾದಿಂದ ಅಮಾನತಾಗಿದ್ದ ದಕ್ಷಿಣ ಆಫ್ರಿಕಾಕ್ಕೆ 1963ರಲ್ಲಿ ಸ್ವತಃ ಹೋಗಿಬಂದರು. ಆ ವರ್ಷವೇ ಅಮಾನತು ತೆರವಾಯಿತು. ಆಟಕ್ಕೂ ರಾಜಕೀಯಕ್ಕೂ ಸಂಬಂಧವಿರಬಾರದು ಎಂಬುದು ಅವರ ವಾದ. ಮೈಬಣ್ಣ ನೋಡಿ ಆಟಗಾರರನ್ನು ಬೇರ್ಪಡಿಸುವ ದೇಶದ ವಿಷಯದಲ್ಲಿ ಈ ವಾದವನ್ನು ನಾನು ಒಪ್ಪಲಾರೆ. ಅಲ್ಲಿ ರಾಜಕೀಯವನ್ನು ಮೈದಾನಕ್ಕೆ ತಂದದ್ದು ಆಳುವವರೇ. 1964ರಲ್ಲಿ ಫಿಫಾದ ಟೋಕಿಯೊ ಅಧಿವೇಶನ ಮತ್ತೆ ಅಮಾನತು ಹೇರಿತು, ಆದರೆ ಆಫ್ರಿಕಾದ ಮನಸ್ಸು ಅಷ್ಟರಲ್ಲಿ ಮುರಿದಿತ್ತು.

ಅದರ ಮೇಲೆ 1966ರ ವಿಶ್ವಕಪ್ ಬಂತು. ಒಟ್ಟು 16 ಸ್ಥಾನಗಳಲ್ಲಿ ಆಫ್ರಿಕಾ, ಏಷ್ಯಾ, ಓಷಿಯಾನಿಯಾಗಳಿಗೆ ಸೇರಿ ಒಂದೇ ಒಂದು! ಘಾನಾ ಮುಂದೆ ನಿಂತಿತು, ಆಫ್ರಿಕಾದ ದೇಶಗಳು ಬಹಿಷ್ಕಾರ ಹಾಕಿದವು. 1970ರ ಹೊತ್ತಿಗೆ ಆಫ್ರಿಕಾಕ್ಕೆ ತನ್ನದೇ ಒಂದು ಸ್ಥಾನ ದಕ್ಕಿದ್ದು ಈ ಹಟದಿಂದ.

ಫಿಫಾದಲ್ಲಿ ಇಂಗ್ಲೆಂಡಿಗೂ ಒಂದೇ ಮತ, ಘಾನಾಕ್ಕೂ ಒಂದೇ ಮತ. ಹವಲಾಂಜ್ ದೇಶದಿಂದ ದೇಶಕ್ಕೆ ತಿರುಗಿ, ವಿಶ್ವಕಪ್ಪಿನಲ್ಲಿ ಹೆಚ್ಚು ತಂಡಗಳಿಗೆ ಜಾಗ ಮಾಡಿಕೊಡುತ್ತೇನೆಂದು ಮಾತು ಕೊಟ್ಟರು. ಫ್ರಾಂಕ್‌ಫರ್ಟ್‌ನಲ್ಲಿ ನಡೆದ 1974ರ ಚುನಾವಣೆಯ ಎರಡನೇ ಸುತ್ತಿನಲ್ಲಿ 68–52 ಮತಗಳಿಂದ ಗೆದ್ದರು. ಹವಲಾಂಜ್ ಮುಂದೆ ನಡೆಸಿದ ವ್ಯವಹಾರಗಳನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಜಾಗದ ವಿಷಯದಲ್ಲಿ ಕೊಟ್ಟ ಮಾತು ನಡೆಯಿತು: 1982ರಲ್ಲಿ ವಿಶ್ವಕಪ್ 24 ತಂಡಗಳದ್ದಾಯಿತು, ಆಫ್ರಿಕಾದಿಂದ ಎರಡು ತಂಡಗಳು ಬಂದವು. ಕ್ಯಾಮರೂನ್ ಒಂದೂ ಪಂದ್ಯ ಸೋಲಲಿಲ್ಲ, ಅಲ್ಜೀರಿಯಾ ಪಶ್ಚಿಮ ಜರ್ಮನಿಯನ್ನೇ 2–1ರಿಂದ ಮಣಿಸಿತು.